ಚೆಕ್ಕಿಗೆ ಕ್ಯೂ ಹಾಕದವರು

ಇಂಗ್ಲಿಷ್ ಸ್ಪೆಲಿಂಗ್ ತಪ್ಪಿದವರನ್ನು ಕಂಡು ನಗೋದು ನಮ್ಮಲ್ಲಿ ಒಂದು ಚಾಳಿ. ಬ್ಯಾಂಕುಗಳಲ್ಲಿ ಸ್ವಲ್ಪ ಜಾಸ್ತಿನೇ.

ಮೊನ್ನೆ ಮಂಡ್ಯದ ಒಂದು ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತಿದ್ದ ಯಜಮಾನರು ಮೊಮ್ಮಗಳ ಕೈಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿಕೊಂಡು ಬಂದಿದ್ದರು. ಹೊಸ ಚೆಕ್ ಬುಕ್ ಬೇಕಿತ್ತು. ಹುಡುಗಿ ಚೆಕ್ ಅನ್ನೋದನ್ನ ಬ್ಯಾಂಕಿನವರ ಹಾಗೆ ಕ್ಯೂ ಹಾಕಿ cheque ಅನ್ನದೆ, ಸಿ, ಕೆ ಹಾಕಿ check ಅಂತ ಮುಗಿಸಿದ್ದಳು. ಕೌಂಟರಿನವರು ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದವರಿಗೂ ತೋರಿಸಿ, "ಏನ್ ಚೆಕ್ ಮಾಡ್ಬೇಕು ಯಜಮಾನ್ರೇ?" ಅಂದರು. ಅವರೂ ನಕ್ಕರು, ಯಾಕೆ ಅಂತ ಗೊತ್ತಾಗದೆ. ನನಗೆ ಮೈ ಉರಿಯಿತು.

ಯಾಕಂದ್ರೆ ಆ ಹುಡುಗಿ ಬರೆದದ್ದೇ ಹಳೇ ಸ್ಪೆಲಿಂಗು.

ಈ ಪದ ಹುಟ್ಟಿದ್ದು ಬ್ಯಾಂಕಿನಲ್ಲಲ್ಲ, ಚದುರಂಗದ ಮಣೆ ಮೇಲೆ. ಪಾರಸಿಯ 'ಶಾ', ಅಂದರೆ ರಾಜ, ಹಳೇ ಫ್ರೆಂಚ್ ಹಾದು ಇಂಗ್ಲಿಷಿಗೆ ಬರೋ ಹೊತ್ತಿಗೆ ಚೆಕ್ ಆಗಿತ್ತು. (ಮೈಸೂರಿನವರಿಗೆ ಚದುರಂಗ ಹೊಸದಲ್ಲ ಬಿಡಿ. ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಓಡಿಸೋದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ನಿಸ್ಸೀಮರು.) ರಾಜನಿಗೆ ಚೆಕ್ ಬಿದ್ದರೆ ಮಿಕ್ಕ ಆಟವೆಲ್ಲ ನಿಲ್ಲಬೇಕು, ಅಲ್ವಾ? ಅಲ್ಲಿಂದ 'ತಡೆ' ಅನ್ನೋ ಅರ್ಥ ಬಂತು. ನಾಗಮಂಗಲದ ಕಡೆ ಹಳ್ಳಕ್ಕೆ ಅಡ್ಡ ಕಟ್ಟುವ ಚೆಕ್ ಡ್ಯಾಮ್ ಇದೇ ಅರ್ಥದ್ದು. ತಡೆದವರು ಸುಮ್ನೆ ಬಿಡ್ತಾರಾ, ತಪಾಸಣೆಯನ್ನೂ ಮಾಡ್ತಾರೆ. ಕೇರಳದ ಗಡಿಯಲ್ಲಿರೋ ಬಾವಲಿ ಚೆಕ್‌ಪೋಸ್ಟಿನಲ್ಲಿ ಎರಡೂ ಅರ್ಥ ಒಟ್ಟಿಗೆ ಸಿಗುತ್ತವೆ. ಮಣೆಯ ಚೌಕಗಳಿಂದ ಚೆಕ್ಸ್ ಶರ್ಟ್ ಬಂತು.

ದುಡ್ಡಿನ ಚೆಕ್ಕು ಬಂದದ್ದು ಮೋಸ ತಡೆಯೋಕೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹಣದ ಚೀಟಿ ಹರಿದುಕೊಟ್ಟ ಮೇಲೆ ಉಳಿಯುತ್ತಿದ್ದ ಅರ್ಧಚೀಟಿಗೆ ಚೆಕ್ ಅನ್ನುತ್ತಿದ್ದರು. ಕಳ್ಳ ಚೀಟಿ ಬಂದರೆ ತಾಳೆ ನೋಡೋದಕ್ಕೆ ಅದು. ಆಮೇಲೆ ಹೆಸರು ಇಡೀ ಚೀಟಿಗೇ ಅಂಟಿಕೊಂಡಿತು. ಆಗ ಬರೆಯುತ್ತಿದ್ದದ್ದು ಸಿ, ಕೆ ಹಾಕಿಯೇ. ಕ್ಯೂ ಸೇರಿಕೊಂಡದ್ದು 'ಎಕ್ಸ್‌ಚೆಕರ್' ಅನ್ನೋ ಸರ್ಕಾರಿ ಖಜಾನೆಯ ಹೆಸರಿನ ಪ್ರಭಾವದಿಂದ. ಆ ಖಜಾನೆಗೆ ಹೆಸರು ಬಂದದ್ದಾದರೂ ಎಲ್ಲಿಂದ? ಲೆಕ್ಕ ಮಾಡುವಾಗ ಮೇಜಿಗೆ ಹಾಸುತ್ತಿದ್ದ ಚೌಕಳಿ ಬಟ್ಟೆಯಿಂದ. ಮತ್ತೆ ಅದೇ ಮಣೆ!

ಅಮೆರಿಕದವರು ಇವತ್ತಿಗೂ ಬ್ಯಾಂಕಿನ ಚೆಕ್ಕಿಗೆ ಕ್ಯೂ ಹಾಕೋದಿಲ್ಲ. ಹೋಟೆಲ್ ಬಿಲ್ಲಿಗೂ ಅಲ್ಲಿ ಚೆಕ್ಕೇ. ನಮ್ಮಲ್ಲಿ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನಲ್ಲಿ, ಚೆಕ್ ಬೌನ್ಸ್ ಆದವರಿಗೆಲ್ಲ ಬಾಯಿಪಾಠವಾಗಿರೋ 138ನೇ ಸೆಕ್ಷನ್ ಸೇರಿ, ಕ್ಯೂ ಇರುವ ಸ್ಪೆಲಿಂಗೇ ಇದೆ. ಹಾಗಾಗಿ ಬ್ಯಾಂಕಿಗೆ ಬರೆಯುವಾಗ ಕ್ಯೂ ಹಾಕಿ, ನನ್ನ ತಕರಾರಿಲ್ಲ. ತಿದ್ದೋದಾದರೆ ತಿದ್ದಿ ಕೂಡ. ಪಕ್ಕದ ಕೌಂಟರಿಗೆ ಯಾಕೆ ತೋರಿಸಬೇಕು? ಅಷ್ಟಕ್ಕೂ ಆ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಸಬೇಕು ಅಂತ ಯಜಮಾನರಿಗೆ ಅನ್ನಿಸಿದ್ದು ಯಾಕೆ? ಕನ್ನಡದಲ್ಲಿ ಚ, ಎತ್ವ, ಆಮೇಲೊಂದು ಅರ್ಧ ಕ. ಡ್ಯಾಮಿಗೂ ಅದೇ, ಶರ್ಟಿಗೂ ಅದೇ, ಬ್ಯಾಂಕಿಗೂ ಅದೇ.

ಇನ್ನೊಂದು ಮಾತು. ಜಮೀನು ಪತ್ರದಲ್ಲಿ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿ ಈ ಮನೆತನದ್ದಲ್ಲ. ಅದು ಹಿಂದಿಯ ಚಕ್‌ಬಂದಿಯ ನೆಂಟ, ಚಕ್ ಅಂದರೆ ಜಮೀನಿನ ತುಂಡು. ಯಾರಾದರೂ ಅದಕ್ಕೂ ಕ್ಯೂ ಸಿಕ್ಕಿಸಿದ್ದು ಕಂಡರೆ ದಯವಿಟ್ಟು ಒಂದು ಫೋಟೋ ಕಳಿಸಿ.