ಬೆಳಕಿಗೆ ಹಿಡಿದು ನೋಡುವವರು, ತಿರುವಿ ನೋಡುವವರು

ಶೆಟ್‌ಲೆಂಡ್ ದ್ವೀಪದ ಹಿರಿಯ ಹೆಣ್ಣುಮಗಳೊಬ್ಬಳ ಕೈಗೆ ನಾನು ಹೆಣೆದ ಲೇಸ್ ತುಂಡನ್ನು ಕೊಟ್ಟಾಗ, ಆಕೆ ಮೊದಲು ಮಾಡಿದ ಕೆಲಸವೆಂದರೆ ಕಿಟಕಿಯ ಕಡೆಗೆ ತಿರುಗಿ ಅದನ್ನು ಬೆಳಕಿಗೆ ಹಿಡಿದದ್ದು. ಅದೇ ತುಂಡನ್ನು ಕೆಲವು ತಿಂಗಳ ನಂತರ ಧಾರವಾಡದಲ್ಲಿ ನನ್ನ ಸೋದರತ್ತೆಯ ಕೈಗೆ ಕೊಟ್ಟೆ. ಅತ್ತೆ ಅದನ್ನು ಮಗುಚಿ ಹಿಂಬದಿ ನೋಡಿದರು. ಒಬ್ಬರು ತೂತುಗಳು ಒಂದೇ ಅಳತೆಯಲ್ಲಿವೆಯೇ ಎಂದು ನೋಡಿದರು, ಇನ್ನೊಬ್ಬರು ಎಳೆ ಎಲ್ಲಿ ಹೋಗಿ ಎಲ್ಲಿ ಬಂದಿದೆ ಎಂದು ನೋಡಿದರು. ಬೇಸಿಗೆಯಲ್ಲಿ ತಲೆಗೆ ಕಟ್ಟಿಕೊಳ್ಳುವ ಹಗುರವಾದ ಲೇಸ್ ಹೇರ್‌ಬ್ಯಾಂಡ್ ಹೆಣೆಯಲು ಹೊರಟ ಯಾರೇ ಆಗಲಿ, ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುವ ಹಾಗೆ ಹೆಣೆಯಬೇಕು ಎಂಬುದು ನನ್ನ ದೃಢವಾದ ಅನಿಸಿಕೆ. ಒಂದನ್ನೇ ನೆಚ್ಚಿಕೊಂಡು ನಾನು ಕೆಟ್ಟಿದ್ದೇನೆ.

ನಾನು ಧಾರವಾಡದವಳು, ಹದಿನಾರು ವರ್ಷಗಳಿಂದ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ನೆಲೆಸಿದ್ದೇನೆ. ಸಂಜೆ ಇಲ್ಲಿಂದ ಹಡಗು ಹತ್ತಿದರೆ ಬೆಳಗಾಗುವಷ್ಟರಲ್ಲಿ ಶೆಟ್‌ಲೆಂಡಿನ ಲೆರ್ವಿಕ್ ಸಿಗುತ್ತದೆ. ಅದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರಾದ್ದರಿಂದ ಜುಲೈ ತಿಂಗಳಲ್ಲೂ ಹಗಲಿನ ಬಿಸಿ 14 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಅಲ್ಲಿಯ ಲೇಸ್ ಹೆಣಿಗೆ ಹುಟ್ಟಿದ್ದು ಈ ಹವೆಯಲ್ಲಿ, ಅಲ್ಲಿಯ ಕುರಿಯ ಉಣ್ಣೆಯಲ್ಲಿ. ಕುರಿಯ ಕುತ್ತಿಗೆಯ ಭಾಗದ ಅತಿ ನವುರಾದ ಉಣ್ಣೆಯನ್ನು ಕತ್ತರಿ ಹಾಕದೆ ಕೈಯಿಂದಲೇ ಬಿಡಿಸಿ ತೆಗೆದು, ಕೂದಲೆಳೆಯಷ್ಟು ಸಣ್ಣಗೆ ನೂತು, ಉತ್ತರದ ತುದಿಯ ಅನ್‌ಸ್ಟ್ ದ್ವೀಪದ ಹೆಂಗಸರು ಹೆಣೆದ ಶಾಲುಗಳು ಮದುವೆಯ ಉಂಗುರದೊಳಗಿಂದ ಹಾದು ಬರುತ್ತಿದ್ದವು. ಶೆಟ್‌ಲೆಂಡಿನಲ್ಲಿ ಹುಟ್ಟಿ ಹಡಗು ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದ ಆರ್ಥರ್ ಆಂಡರ್ಸನ್ 1837ರಲ್ಲಿ ವಿಕ್ಟೋರಿಯಾ ರಾಣಿಗೆ ಈ ದ್ವೀಪದ ನವುರು ಹೆಣಿಗೆಯ ಕಾಲುಚೀಲಗಳನ್ನು ಉಡುಗೊರೆಯಾಗಿ ಕೊಟ್ಟ ಮೇಲೆ ಇದಕ್ಕೆ ಹೊರಗಿನ ಗಿರಾಕಿಗಳು ಹೆಚ್ಚಿದರು.

ಆ ಶಾಲುಗಳನ್ನು ಕಣ್ಣಾರೆ ಕಂಡ ಮರುವಾರವೇ ನಾನು ಅಣ್ಣನ ಮಗಳಿಗೆಂದು ಹೇರ್‌ಬ್ಯಾಂಡ್ ಹೆಣೆಯಲು ಕುಳಿತೆ. ಮೇ ತಿಂಗಳಲ್ಲಿ ಊರಿಗೆ ಹೋಗುವವಳಿದ್ದುದರಿಂದ ಉಣ್ಣೆ ಬೇಡವೆಂದು ಹತ್ತಿ ನೂಲು ತಂದೆ. ವಿನ್ಯಾಸವನ್ನು ಮಾತ್ರ ಉಣ್ಣೆಯದ್ದನ್ನೇ ಎತ್ತಿಕೊಂಡೆ. ಅದರ ಹೆಸರು ಓಲ್ಡ್ ಶೇಲ್. ಹದಿನೆಂಟು ಕುಣಿಕೆಗಳ ಗುಂಪಿನಲ್ಲಿ ಮೊದಲು ಎರಡೆರಡು ಕುಣಿಕೆಗಳನ್ನು ಸೇರಿಸಿ ಮೂರು ಸಲ ಒಂದಾಗಿಸುವುದು, ನಂತರ ಕಡ್ಡಿಗೆ ನೂಲು ಸುತ್ತಿ ತೂತು ಬಿಟ್ಟು ಒಂದು ಸೀದಾ ಹೆಣೆಯುವುದನ್ನು ಆರು ಸಲ ಮಾಡುವುದು, ಕೊನೆಗೆ ಮತ್ತೆ ಮೂರು ಸಲ ಎರಡೆರಡನ್ನು ಸೇರಿಸುವುದು. ಆರು ಕುಣಿಕೆ ಕಳೆದು ಆರು ಕೂಡಿದ್ದರಿಂದ ಲೆಕ್ಕ ಹದಿನೆಂಟರಲ್ಲೇ ನಿಲ್ಲುತ್ತದೆ. ನಾಲ್ಕು ಸಾಲಿಗೊಮ್ಮೆ ಹೀಗೆ ಮಾಡುತ್ತಾ ಹೋದರೆ ಸಮುದ್ರದ ದಂಡೆಯ ಮರಳಿನ ಮೇಲೆ ತೆರೆ ಬಿಟ್ಟುಹೋದ ಗುರುತಿನಂಥ ಅಲೆ ಮೂಡುತ್ತದೆ. ಮುದ್ರಿತ ಸೂಚನೆಯಲ್ಲಿ ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಎಂದಿತ್ತು. ಹಾಗೆಯೇ ಹೆಣೆದು, ಮುಗಿದ ಮೇಲೆ ನೀರಲ್ಲಿ ನೆನೆಸಿ, ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಬೆಳಕಿಗೆ ಹಿಡಿದಾಗ ಬಹಳ ಸುಂದರವಾಗಿ ಕಂಡಿತು. ಲೆರ್ವಿಕ್‌ನ ಆ ಹಿರಿಯಾಕೆಯೂ ಮೆಚ್ಚಿದರು.

ಧಾರವಾಡದಲ್ಲಿ ಅದು ಅರ್ಧ ದಿನ ಬಾಳಲಿಲ್ಲ. ಬೆಳಿಗ್ಗೆ ಹುಡುಗಿಯ ಹಣೆಯ ಮೇಲೆ ಅಗಲವಾಗಿ ಕುಳಿತಿದ್ದ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಬೆವರು ಕುಡಿದು ಉದ್ದವಾಗಿ ಹುಬ್ಬಿನ ಮೇಲೆ ಜಾರಿತ್ತು. ಎರಡೂ ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ಪಟ್ಟಿ ಹಗ್ಗದಂತಾಗಿತ್ತು. ಆಗಲೇ ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಮಗುಚಿ, ಬೆರಳಿನಿಂದ ಸವರಿ, "ಎದುರಿಂದ ಛಂದ ಅದ ಬಿಡವ್ವಾ, ಹಿಂದ ಯಾಕ ಹಿಂಗ ಬಿಟ್ಟಿ?" ಎಂದು ಕೇಳಿದ್ದು.

ಆ ಪ್ರಶ್ನೆಯ ಹಿಂದೆ ಕಸೂತಿ ಇದೆ. ನಮ್ಮ ಕಡೆ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿ ಕಟ್ಟೆ ಎಲ್ಲವನ್ನೂ ಎಬ್ಬಿಸುತ್ತಾರೆ. ಗಾವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಮ್ಮೆ ಮುಂದಕ್ಕೆ ಹೋಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುರ್ಗಿ ಎಂಬ ಇನ್ನೊಂದು ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೇ ರೀತಿ ನಡೆಯುತ್ತದೆ. ಗಂಟು ಕಾಣಬಾರದು, ಎರಡೂ ಬದಿ ಒಂದೇ ಸಮನಾಗಿರಬೇಕು. ಈ ಶಿಸ್ತಿನಲ್ಲಿ ಬೆಳೆದ ಕಣ್ಣಿಗೆ ಹಿಂಬದಿ ಎಂಬುದು ಬಚ್ಚಿಡುವ ಜಾಗವಲ್ಲ. ಹೇರ್‌ಬ್ಯಾಂಡಿನ ಮಟ್ಟಿಗಂತೂ ಇದು ಅಂದದ ಮಾತಷ್ಟೇ ಅಲ್ಲ, ಬಾಳಿಕೆಯ ಮಾತು. ಒಂದು ಬದಿ ಪೂರ್ತಿ ಸೀದಾ, ಇನ್ನೊಂದು ಬದಿ ಪೂರ್ತಿ ಉಲ್ಟಾ ಇರುವ ಹೆಣಿಗೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳದೆ ಇರುವುದಿಲ್ಲ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡೂ ಬದಿ ಒಂದೇ ಬಗೆಯ ಏಣುಗಳು ಮೂಡಿ, ಪಟ್ಟಿ ಚಪ್ಪಟೆಯಾಗಿ ಮಲಗುತ್ತದೆ.

ಅಬರ್ಡೀನ್‌ಗೆ ಮರಳಿದ ಮೇಲೆ ಮತ್ತೊಮ್ಮೆ ಲೆರ್ವಿಕ್‌ಗೆ ಹೋಗಿ, ಅಲ್ಲಿಯ ವಸ್ತುಸಂಗ್ರಹಾಲಯದ ಹಳೆಯ ಲೇಸ್‌ಗಳನ್ನು ಈ ಸಲ ಅತ್ತೆಯ ಕಣ್ಣಿನಿಂದ ನೋಡಿದೆ. ಹಳೆಯ ಶೆಟ್‌ಲೆಂಡ್ ಲೇಸ್‌ಗಳಲ್ಲಿ ಬಹುಪಾಲಿಗೆ ತಳದ ಹೆಣಿಗೆ ಎಲ್ಲ ಸಾಲೂ ಸೀದಾ ಇರುವಂಥದ್ದೇ. ಹೆಗಲ ಮೇಲೆ ಮಡಚಿ ಹೊದೆಯುವ ಶಾಲಿನಲ್ಲಿ ಎರಡೂ ಬದಿ ಕಾಣುತ್ತದೆ ಎಂದು ಆ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಸೀದಾ ಉಲ್ಟಾ ಸರದಿಯ ಸೂಚನೆಗಳು ಒಂದು ಮುಖವನ್ನು ನಯವಾಗಿ ಕಾಣಿಸಲು ಹಿಂಬದಿಯನ್ನು ಬಿಟ್ಟುಕೊಟ್ಟಿವೆ. ಧಾರವಾಡವೂ ಅನ್‌ಸ್ಟ್ ದ್ವೀಪವೂ ಒಂದನ್ನೊಂದು ಕಾಣದೆಯೇ ಒಂದೇ ತೀರ್ಮಾನಕ್ಕೆ ಬಂದಿದ್ದವು, ತಪ್ಪಿದ್ದು ನಡುವಿನ ಕಾಗದವನ್ನು ನಂಬಿದ ನಾನು. ಇದನ್ನು ಅರಿತ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಆದರೆ ನೂಲಿನ ವಿಷಯದಲ್ಲಿ ಎರಡು ನಾಡುಗಳ ದಾರಿ ಬೇರೆಯೇ ಆಗಬೇಕು. ಉಣ್ಣೆಯ ಎಳೆಯಲ್ಲಿ ಹುಟ್ಟಿನಿಂದಲೇ ಗುಂಗುರು ಇರುತ್ತದೆ, ಮೈಮೇಲೆ ಸಣ್ಣ ಪೊರೆಗಳಿರುತ್ತವೆ. ಆದ್ದರಿಂದ ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಒದ್ದೆಯಾಗಿದ್ದಾಗ ಹಿಗ್ಗಿಸಿ ಒಣಗಿಸಿದರೆ ಮುಂದಿನ ತೊಳೆತದವರೆಗೂ ಆ ಆಕಾರ ಉಳಿಯುತ್ತದೆ. ಕಡ್ಡಿಯಿಂದ ಒಂದು ಕುಣಿಕೆ ಜಾರಿದರೂ ಅದು ಇದ್ದಲ್ಲೇ ಕಾಯುತ್ತಿರುತ್ತದೆ. ಹತ್ತಿಗೆ ಈ ಯಾವ ಗುಣವೂ ಇಲ್ಲ. ಅದು ನುಣುಪು, ತೂಕ ಹೆಚ್ಚು, ಹಿಗ್ಗಿದ್ದು ತಾನಾಗಿ ಹಿಂದಕ್ಕೆ ಬರುವುದಿಲ್ಲ, ಜಾರಿದ ಕುಣಿಕೆ ಕೆಳಗಿನ ನಾಲ್ಕಾರು ಸಾಲುಗಳವರೆಗೂ ಬಿಚ್ಚಿಕೊಂಡು ಹೋಗುತ್ತದೆ. ನಾನು ಇಲ್ಲಿ ಕೊಳ್ಳುವ ಎರಡೆಳೆಯ ಲೇಸ್ ಉಣ್ಣೆಯಲ್ಲಿ 25 ಗ್ರಾಂ ಉಂಡೆಗೆ ಸುಮಾರು 170 ಮೀಟರ್ ನೂಲು ಸಿಗುತ್ತದೆ. ಅಷ್ಟೇ ಉದ್ದಕ್ಕೆ ನಾಲ್ಕೆಳೆಯ ಹತ್ತಿ 50 ಗ್ರಾಂ ತೂಗುತ್ತದೆ. ತೂತು ಬಿಟ್ಟ ಮಾತ್ರಕ್ಕೆ ಹತ್ತಿಯ ಪಟ್ಟಿ ಹಗುರವಾಗುವುದಿಲ್ಲ, ಅದು ಹೀರಿದ ಬೆವರಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಂದು ನಮ್ಮ ಮೇ ತಿಂಗಳ ಬಿಸಿಲಿಗೆ ಹತ್ತಿಯನ್ನು ಬಿಡುವುದು ಸರಿಯಲ್ಲ. ತಲೆಯ ಚರ್ಮಕ್ಕೆ ತಾಗಿ ಇರುವ ವಸ್ತು ದಿನಕ್ಕೊಮ್ಮೆ ಸಾಬೂನು ಹಾಕಿ ಉಜ್ಜಿದರೂ ತಡೆಯಬೇಕು, ಆ ಒರಟು ಕೆಲಸವನ್ನು ನವುರು ಉಣ್ಣೆ ತಡೆಯುವುದಿಲ್ಲ.

ಆದ್ದರಿಂದ ಎರಡನೆಯದನ್ನು ನಾನು ಹೀಗೆ ಹೆಣೆದೆ. ಹದಿನೆಂಟು ಕುಣಿಕೆಯ ಅಲೆ ಒಂದೇ, ಅದರ ಎರಡೂ ಪಕ್ಕದಲ್ಲಿ ಮೂರು ಮೂರು ಅಂಚಿನ ಕುಣಿಕೆ, ಒಟ್ಟು ಇಪ್ಪತ್ತನಾಲ್ಕು. ಕಡ್ಡಿ 3.25 ಮಿಲಿಮೀಟರ್‌ನದ್ದನ್ನು ಬಿಟ್ಟು 2.75ರದ್ದನ್ನು ಹಿಡಿದೆ, ಹೆಣಿಗೆ ಬಿಗಿಯಾದಷ್ಟೂ ಹತ್ತಿ ಜೋತುಬೀಳುವುದು ಕಡಿಮೆ. ತೂತಿನ ಸಾಲೊಂದನ್ನು ಬಿಟ್ಟು ಉಳಿದ ಮೂರೂ ಸಾಲು ಸೀದಾ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೆಯೇ ಆಚೆ ಕಡ್ಡಿಗೆ ದಾಟಿಸಿದ್ದರಿಂದ ಅಂಚು ಸರಪಳಿಯಂತೆ ನೆಟ್ಟಗೆ ಬಂತು. ಹುಡುಗಿಯ ತಲೆಯ ಸುತ್ತಳತೆ 54 ಸೆಂಟಿಮೀಟರ್ ಇದ್ದರೂ ಪಟ್ಟಿಯನ್ನು 46ಕ್ಕೇ ನಿಲ್ಲಿಸಿದೆ. ಕಿವಿಯ ಹಿಂಭಾಗದಲ್ಲಿ ಎರಡೂ ತುದಿಗಳನ್ನು ಕ್ರಮವಾಗಿ ಕಿರಿದು ಮಾಡಿ, ಕೊನೆಗೆ ಮೂರೇ ಕುಣಿಕೆಯ ದುಂಡನೆಯ ದಾರವನ್ನಾಗಿ ಹೆಣೆದು, ಜಡೆಯ ಕೆಳಗೆ ಕಟ್ಟಿಕೊಳ್ಳುವಂತೆ ಮಾಡಿದೆ. ಎಲಾಸ್ಟಿಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಬೆವರಿನಲ್ಲಿ ಬೇಗ ಸೋಲುತ್ತದೆ, ಸೋಲುವ ತನಕ ತಲೆ ನೋಯಿಸುತ್ತದೆ. ದಾರವಾದರೆ ಹತ್ತಿ ಹಿಗ್ಗಿದಷ್ಟು ಎಳೆದು ಕಟ್ಟಿಕೊಳ್ಳಬಹುದು. ಇಷ್ಟಕ್ಕೆ 20 ಗ್ರಾಂ ನೂಲು ಸಾಕಾಯಿತು.

ಒಣಗಿಸುವ ಕ್ರಮದಲ್ಲೂ ನಾನು ಎರಡು ಕಡೆಯಿಂದ ಸಾಲ ತಂದಿದ್ದೇನೆ. ಗುಂಡುಸೂಜಿ ಚುಚ್ಚಿ ಆಕಾರಕ್ಕೆ ತರುವುದು ಶೆಟ್‌ಲೆಂಡಿನದು. ಹೆಣೆದದ್ದೆಲ್ಲ ಈ ಕೆಲಸದಲ್ಲೇ ಲೇಸ್ ಆಗುತ್ತದೆ ಎಂದು ಅಲ್ಲಿಯವರು ನಂಬುತ್ತಾರೆ, ಉಣ್ಣೆಗೆ ಅದು ನೂರಕ್ಕೆ ನೂರು ನಿಜ. ಹತ್ತಿಗೆ ಸೂಜಿಯಷ್ಟೇ ಸಾಲದು, ಅದಕ್ಕೆ ನಮ್ಮ ಗಂಜಿ ಬೇಕು. ಅವ್ವ ಹತ್ತಿ ಸೀರೆಗೆ ಹಾಕುತ್ತಿದ್ದ ಅಕ್ಕಿಯ ಗಂಜಿಯನ್ನೇ ಬಟ್ಟೆಯಲ್ಲಿ ಸೋಸಿ, ಬೆರಳಿಗೆ ಅಂಟದಷ್ಟು ತಿಳಿ ಮಾಡಿ, ಪಟ್ಟಿಯನ್ನು ಒಮ್ಮೆ ಅದ್ದಿ, ಟವೆಲಿನಲ್ಲಿ ಒತ್ತಿ, ಹಾಸಿಗೆಯ ಮೇಲೆ ತುಕ್ಕು ಹಿಡಿಯದ ಸೂಜಿಗಳಿಂದ ಬಿಡಿಸಿ ನೆರಳಿನಲ್ಲಿ ಒಣಗಿಸಿದರೆ, ಆರು ತೂತುಗಳ ಬೀಸಣಿಗೆ ಕಣ್ಣು ಬಿಟ್ಟಂತೆ ಕಾಣುತ್ತದೆ. ಗಂಜಿ ದಪ್ಪವಾದರೆ ಮಾತ್ರ ಬೆವರಿಗೆ ಕರಗಿ ಹಣೆಗೆ ಅಂಟುತ್ತದೆ, ಈ ಒಂದು ಎಚ್ಚರ ಇರಲಿ.

ಹೆಣೆಯುವ ಭಂಗಿಯಲ್ಲೂ ದೊಡ್ಡ ವ್ಯತ್ಯಾಸವಿದೆ. ಶೆಟ್‌ಲೆಂಡಿನವರು ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿಕೊಂಡು, ಕುದುರೆ ಕೂದಲು ತುಂಬಿದ ಅದರ ಮೆತ್ತೆಯ ತೂತಿಗೆ ಬಲಗೈಯ ಕಡ್ಡಿಯ ತುದಿಯನ್ನು ಸಿಕ್ಕಿಸುತ್ತಾರೆ. ಕಡ್ಡಿಯ ಭಾರ ಸೊಂಟಕ್ಕೆ ಹೋಗಿ ಬೆರಳುಗಳು ನೂಲಿಗೆ ಮಾತ್ರ ದುಡಿಯುತ್ತವೆ. ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದ ಹೆಂಗಸರ ಹಳೆಯ ಛಾಯಾಚಿತ್ರಗಳನ್ನು ನೋಡಿದಾಗ ನನಗೆ ಮೆಚ್ಚುಗೆಗಿಂತ ಸಂಕಟವೇ ಹೆಚ್ಚಾಗುತ್ತದೆ. ಅವರ ಹೆಣಿಗೆಗೆ ವ್ಯಾಪಾರಿಗಳು ಬಹಳ ಕಾಲ ಹಣ ಕೊಡದೆ ಚಹಾ, ಬಟ್ಟೆ ಮುಂತಾದ ಸಾಮಾನುಗಳನ್ನೇ ಕೊಡುತ್ತಿದ್ದರು. 1872ರಲ್ಲಿ ಸರ್ಕಾರದ ವಿಚಾರಣೆಯ ಮುಂದೆ ಆ ಹೆಂಗಸರೇ ನಿಂತು ಇದನ್ನು ಹೇಳಿದ್ದು ದಾಖಲೆಯಲ್ಲಿದೆ. ಕಸೂತಿ ಹಾಕುವವರಿಗೆ ಇಷ್ಟು ಹೂವಿಗೆ ಇಷ್ಟು ಎಂದು ಕೂಲಿ ಕಟ್ಟುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕಂಡಿದ್ದೇನೆ. ಅಂಗೈಯಗಲದ ಪಟ್ಟಿಗೆ ಯಾರಾದರೂ ಬೆಲೆ ಕೇಳಿದಾಗ ನಾನು ನೂಲಿನ ತೂಕ ಹೇಳುವುದಿಲ್ಲ, ಅದಕ್ಕೆ ಹಿಡಿದ ಎಂಟು ಗಂಟೆಗಳ ಲೆಕ್ಕವನ್ನೇ ಹೇಳುತ್ತೇನೆ.

ಎರಡನೆಯ ಪಟ್ಟಿಯನ್ನು ಮರುವರ್ಷ ಅತ್ತೆಯ ಕೈಗೆ ಕೊಟ್ಟೆ. ಎಂದಿನಂತೆ ಮೊದಲು ಮಗುಚಿದರು, ಅಂಚನ್ನು ಹೆಬ್ಬೆರಳಿನಿಂದ ಕೊನೆಯವರೆಗೂ ಸವರಿದರು, ಏನೂ ಹೇಳಲಿಲ್ಲ. ಆಮೇಲೆ ಕನ್ನಡಕ ಏರಿಸಿಕೊಂಡು ಪಡಸಾಲೆಯ ಬಾಗಿಲಿಗೆ ಬಂದು, ಹೊರಗಿನ ಬಿಸಿಲಿಗೆ ಅದನ್ನು ಎತ್ತಿ ಹಿಡಿದು ತೂತುಗಳನ್ನು ಒಂದೊಂದಾಗಿ ಎಣಿಸತೊಡಗಿದರು.