ಬರೋಕ್ ಕಲೆಯನ್ನು ಇಳಿಗಾಲವೆನ್ನುವುದು ಸರಿಯಲ್ಲ

ಯುರೋಪಿನ ಕಲೆಯ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ 15–16ನೇ ಶತಮಾನಗಳ ರಿನೇಸಾನ್ಸ್‌ಗೆ ಸಿಗುವ ಗೌರವ, ಅದರ ಬೆನ್ನಿಗೇ ಬಂದ 17ನೇ ಶತಮಾನದ ಬರೋಕ್‌ಗೆ ಸಿಗುವುದಿಲ್ಲ. ಲಿಯೊನಾರ್ಡೊ, ಮೈಕೆಲ್ಯಾಂಜೆಲೊ, ರಫಾಯೆಲ್ ಶಿಖರ ಮುಟ್ಟಿದರು, ಆಮೇಲಿನದೆಲ್ಲ ಅಬ್ಬರ ಮತ್ತು ಅಲಂಕಾರ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಕೃತಿಯ ಎದುರು ದೂರದಲ್ಲಿ ನಿಂತಿದ್ದ ನೋಡುಗನನ್ನು ಘಟನೆಯ ನಡುವಿಗೇ ಎಳೆದು ತಂದವರು ಬರೋಕ್ ಕಲಾವಿದರು. ಅದು ಸಣ್ಣ ಸಾಧನೆಯಲ್ಲ.

ಬೈಬಲ್ಲಿನ ಕತೆಯಲ್ಲಿ ದೈತ್ಯ ಗೊಲ್ಯಾತನನ್ನು ಕವಣೆಯಿಂದ ಕೊಂದ ದಾವೀದನ ಎರಡು ಅಮೃತಶಿಲೆಯ ಶಿಲ್ಪಗಳನ್ನೇ ನೋಡಿ. ಮೈಕೆಲ್ಯಾಂಜೆಲೊ ಫ್ಲಾರೆನ್ಸ್‌ನಲ್ಲಿ 1501ರಿಂದ 1504ರವರೆಗೆ ಕೆತ್ತಿದ ದಾವೀದ ಐದು ಮೀಟರಿಗೂ ಎತ್ತರದವನು. ಬೇರೆ ಶಿಲ್ಪಿಗಳು ಕೈಹಚ್ಚಿ ಅರ್ಧಕ್ಕೇ ಬಿಟ್ಟ, ದಶಕಗಳ ಕಾಲ ಹಾಗೇ ಬಿದ್ದಿದ್ದ ಬಂಡೆಯಿಂದ ಎದ್ದು ಬಂದವನು. ಕವಣೆ ಎಡಹೆಗಲ ಮೇಲಿದೆ, ಹುಬ್ಬು ಗಂಟಿಕ್ಕಿದೆ, ಇಳಿಬಿಟ್ಟ ಬಲಗೈಯ ನರಗಳು ಉಬ್ಬಿವೆ. ದೇಹದ ಭಾರವನ್ನು ಒಂದೇ ಕಾಲಿನ ಮೇಲೆ ಹಾಕಿ ನಿಂತ ಅವನಲ್ಲಿ ಯುದ್ಧ ಇನ್ನೂ ಮನಸ್ಸಿನೊಳಗೇ ನಡೆಯುತ್ತಿದೆ. ಬರೋಕ್ ಶಿಲ್ಪಿ ಬರ್ನಿನಿ ರೋಮ್‌ನಲ್ಲಿ ಕಾರ್ಡಿನಲ್ ಶಿಪಿಯೋನೆ ಬೋರ್ಗೇಸೆಗಾಗಿ 1623–24ರಲ್ಲಿ ಕೆತ್ತಿದ ದಾವೀದನಾದರೋ ಸುಮಾರು 170 ಸೆಂ.ಮೀ. ಎತ್ತರದ, ನಮ್ಮಷ್ಟೇ ಆಳೆತ್ತರದ ಯುವಕ. ಸೊಂಟ ತಿರುಚಿದೆ, ಕವಣೆಯ ಹಗ್ಗ ಬಿಗಿದಿದೆ, ತುಟಿಗಳನ್ನು ಬಾಯೊಳಕ್ಕೆ ಎಳೆದು ಕಚ್ಚಿ ಹಿಡಿದಿದ್ದಾನೆ, ಕಳಚಿಟ್ಟ ಕವಚ ಕಾಲಬುಡದಲ್ಲಿ ಬಿದ್ದಿದೆ. ಗೊಲ್ಯಾತ ಎರಡೂ ಶಿಲ್ಪಗಳಲ್ಲಿಲ್ಲ, ಆದರೆ ಬರ್ನಿನಿಯ ದಾವೀದನ ನೋಟವನ್ನು ಹಿಂಬಾಲಿಸಿದರೆ ನಾವು ನಿಂತಿರುವ ಕಡೆಯಲ್ಲೇ ಎಲ್ಲೋ ಆ ದೈತ್ಯನೂ ನಿಂತಿದ್ದಾನೆಂದು ಮೈ ಅರಿಯುತ್ತದೆ. ಪುಸ್ತಕದ ಪುಟದಲ್ಲಿ ಎರಡನ್ನೂ ಒಂದೇ ಅಳತೆಯಲ್ಲಿ ಅಚ್ಚು ಹಾಕಿದಾಗ ಈ ವ್ಯತ್ಯಾಸ ಬಹುಪಾಲು ಕಳೆದುಹೋಗುತ್ತದೆ. ಇಬ್ಬರು ಶಿಲ್ಪಿಗಳೂ ಈ ಕೆಲಸ ಮಾಡುವಾಗ ಇಪ್ಪತ್ತೈದರ ಆಸುಪಾಸಿನವರು ಎಂಬುದು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ಈ ಬದಲಾವಣೆ ಕೇವಲ ಅಭಿರುಚಿಯಿಂದ ಆದದ್ದಲ್ಲ. 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರ್ ಎತ್ತಿದ ಪ್ರಶ್ನೆಗಳಿಂದ ಚರ್ಚು ಒಡೆದಿತ್ತು, 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯ ರೋಮನ್ನು ಲೂಟಿ ಮಾಡಿತ್ತು. 1545ರಲ್ಲಿ ಶುರುವಾದ, ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ, 1563ರ ತನ್ನ ಕೊನೆಯ ಅಧಿವೇಶನದಲ್ಲಿ, ಚಿತ್ರಗಳು ಜನರಿಗೆ ಧರ್ಮವನ್ನು ಕಲಿಸಬೇಕು, ಅವುಗಳಲ್ಲಿ ಅಶ್ಲೀಲತೆ ಇರಕೂಡದು ಎಂದು ವಿಧಿಸಿತು. ಅದರ ಫಲವಾಗಿ ವ್ಯಾಟಿಕನ್ನಿನಲ್ಲಿರುವ ಪೋಪರ ಪ್ರಾರ್ಥನಾಮಂದಿರ ಸಿಸ್ಟೈನ್ ಚಾಪೆಲ್ಲಿನಲ್ಲಿ ಮೈಕೆಲ್ಯಾಂಜೆಲೊ ಬರೆದಿದ್ದ ‘ಅಂತಿಮ ತೀರ್ಪು’ ಚಿತ್ರದ ನಗ್ನ ದೇಹಗಳಿಗೆ ಬಟ್ಟೆ ಬರೆಯಬೇಕಾಯಿತು. ನೋಡುಗನನ್ನು ಒಳಗೆಳೆಯುವ ಬರೋಕ್ ಬೆಳೆದದ್ದು ಈ ವಾತಾವರಣದಲ್ಲೇ.

ಆದರೂ ಎರಡು ಕಾಲಗಳ ನಡುವೆ ಗೋಡೆಯಿತ್ತೆಂದು ಭಾವಿಸಬಾರದು. ಬರೋಕ್ ಚಿತ್ರಕಾರ ಕಾರವಾಜೊ 1599–1600ರಲ್ಲಿ ರೋಮ್‌ನ ಸಾನ್ ಲುಯಿಜಿ ದೆಯಿ ಫ್ರಾಂಚೆಸಿ ಚರ್ಚಿಗಾಗಿ ಬರೆದ ‘ಸಂತ ಮತ್ತಾಯನ ಕರೆ’ಯಲ್ಲಿ (ಸುಂಕದವನಾಗಿದ್ದ ಮತ್ತಾಯನನ್ನು ಏಸು ಶಿಷ್ಯನಾಗಲು ಕರೆದ ಪ್ರಸಂಗವದು), ಸುಂಕದವರ ಮೇಜಿನತ್ತ ಏಸು ಚಾಚಿದ ಕೈ, ಮೈಕೆಲ್ಯಾಂಜೆಲೊ ಸಿಸ್ಟೈನ್ ಚಾವಣಿಯಲ್ಲಿ ಬರೆದ ಮೊದಲ ಮನುಷ್ಯ ಆದಾಮನ ಕೈಯನ್ನೇ ನೆನಪಿಸುತ್ತದೆ. ಅಲ್ಲಿ ಆ ಕೈ ನೆಲ, ಆಕಾಶಗಳಷ್ಟೇ ಇರುವ ಆದಿಕಾಲದ ಬಯಲಿನಲ್ಲಿದ್ದರೆ, ಇಲ್ಲಿ ಮಬ್ಬುಗತ್ತಲೆಯ ಸಾಧಾರಣ ಕೋಣೆಯಲ್ಲಿದೆ. ಸುತ್ತ ಇರುವವರು ಕಾರವಾಜೊನ ಕಾಲದ ಉಡುಪು ತೊಟ್ಟವರು, ಮೇಜಿನ ತುದಿಯ ತರುಣನಂತೂ ತಲೆಯನ್ನೇ ಎತ್ತದೆ ನಾಣ್ಯಗಳಲ್ಲಿ ಮುಳುಗಿದ್ದಾನೆ. ರಿನೇಸಾನ್ಸ್ ಕಲಿಸಿದ ಅಂಗರಚನೆಯ ಜ್ಞಾನವೆಲ್ಲ ಈ ಚಿತ್ರದಲ್ಲಿದೆ. ಅದನ್ನು ಆದರ್ಶ ದೇಹಗಳಿಂದ ಬಿಡಿಸಿ ದಿನನಿತ್ಯದ ಮನುಷ್ಯರಿಗೆ ಹಂಚಿದ್ದು ಕಾರವಾಜೊನ ದೊಡ್ಡತನ.

ಬರೋಕ್ ಕಲೆ ಚರ್ಚಿನ ಪ್ರಚಾರದ ಸಾಧನವಾಗಿತ್ತು ಎಂಬ ಆಕ್ಷೇಪವನ್ನು ನಾನು ಬಲ್ಲೆ, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಸಿಸ್ಟೈನ್ ಚಾವಣಿಯನ್ನು ಬರೆಸಿದವರೂ ಪೋಪ್ ಎರಡನೆಯ ಜೂಲಿಯಸ್ ತಾನೆ? ಹಣ ಕೊಟ್ಟವರ ಉದ್ದೇಶದಿಂದಲೇ ಕೃತಿಯನ್ನು ಅಳೆಯುವುದಾದರೆ ಎರಡೂ ಕಾಲಗಳಿಗೆ ಒಂದೇ ಅಳತೆಗೋಲು ಬೇಕು. ಬರೋಕ್ ಕಲಾವಿದ ಚರ್ಚು ಹೇಳಿದಂತೆ ಮಾತ್ರ ಬರೆದನೆಂಬ ಮಾತಿಗೆ ‘ಸಂತ ಮತ್ತಾಯನ ಕರೆ’ ಇರುವ ಚಾಪೆಲ್ಲಿನ ಕತೆಯೇ ಉತ್ತರ. ಅಲ್ಲಿನ ಪೂಜಾವೇದಿಗಾಗಿ ಕಾರವಾಜೊ ಮೊದಲು ಬರೆದ ಮತ್ತಾಯ, ಕಾಲ ಮೇಲೆ ಕಾಲು ಹಾಕಿ, ಬರಿಯ ಪಾದವನ್ನು ನೋಡುಗರತ್ತ ಚಾಚಿ ಕುಳಿತ ಒರಟು ಮೈಕಟ್ಟಿನ ಮನುಷ್ಯ. ಏಸುವಿನ ಚರಿತ್ರೆಯಾದ ಸುವಾರ್ತೆಯನ್ನು ಬರೆಯಲು ತಡವರಿಸುವ ಅವನ ಕೈಯನ್ನು ದೇವದೂತನೇ ಹಿಡಿದು ನಡೆಸುತ್ತಾನೆ. ಸಂತನನ್ನು ಹೀಗೆ ತೋರಿಸಿದ್ದು ಪಾದ್ರಿಗಳಿಗೆ ಹಿಡಿಸಲಿಲ್ಲವೆಂದು 17ನೇ ಶತಮಾನದಲ್ಲೇ ಅವನ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಕಾರವಾಜೊ ವೇದಿಗೆ ಇನ್ನೊಂದು ಚಿತ್ರ ಬರೆದುಕೊಟ್ಟ; ಮೊದಲಿನದನ್ನು ವಿನ್ಚೆಂಜೊ ಜುಸ್ತಿನಿಯಾನಿ ಎಂಬ ಸಂಗ್ರಾಹಕ ತನ್ನದಾಗಿಸಿಕೊಂಡ. ಮುಂದೆ ಬರ್ಲಿನ್ ಸೇರಿದ ಆ ಚಿತ್ರ 1945ರಲ್ಲಿ ನಾಶವಾಯಿತು. ಇಂದು ಅದು ಹಳೆಯ ಕಪ್ಪುಬಿಳುಪು ಛಾಯಾಚಿತ್ರಗಳಲ್ಲಿ ಮಾತ್ರ ನೋಡಸಿಗುತ್ತದೆ.