ಮಳೆಗಾಲವನ್ನು ಮರೆತ ಕೊಟೇಶನ್

ಸಹಕಾರ ಸಂಘದ ಲೆಕ್ಕಪತ್ರ ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರ್‌ನಲ್ಲಿ ಇದ್ದರೂ ಒಂದು ಪ್ರತಿ ಶಿರಸಿಯ ಕಚೇರಿಯ ಸರ್ವರ್‌ನಲ್ಲೂ ಇರಲಿ ಎಂದು ಆಡಳಿತ ಮಂಡಳಿಯವರು ಕೇಳುವುದು ನ್ಯಾಯವೇ. ಸಿಟ್ಟು ಬರುವುದು ಅದಕ್ಕೆ ಕಂಪನಿಗಳು ಕೊಡುವ ಕೊಟೇಶನ್ ನೋಡಿದಾಗ. ಡೇಟಾಬೇಸ್ ಎಷ್ಟು ಜಿಬಿ ಇದೆಯೋ ಅದನ್ನು ದರದಿಂದ ಗುಣಿಸಿ, ಕೆಳಗೊಂದು ಗೆರೆ ಎಳೆದಿರುತ್ತಾರೆ. ಮುಗಿಯಿತು!

ಕ್ಲೌಡ್‌ಗೆ ಮಾಹಿತಿ ಹಾಕಲು ಶುಲ್ಕವಿಲ್ಲ, ಹೊರಗೆ ತರಲು ಇದೆ. ಅಮೆಜಾನ್‌ನ ಮುಂಬೈ ಕ್ಲೌಡ್ ಕೇಂದ್ರದಿಂದ ಇಂಟರ್‌ನೆಟ್ ಮೂಲಕ ತಂದರೆ ತಿಂಗಳ ಮೊದಲ 100 ಜಿಬಿ ಉಚಿತ, ಆಮೇಲೆ ಪಟ್ಟಿಯ ದರ ಜಿಬಿಗೆ 0.1093 ಡಾಲರ್, ಮೇಲೆ ಜಿಎಸ್‌ಟಿ. ಆದರೆ ಒಮ್ಮೆ ಪೂರ್ತಿ ಪ್ರತಿ ಬಂದ ಮೇಲೆ ಹರಿಯುವುದು ಬದಲಾವಣೆಗಳು ಮಾತ್ರ. ಅಳೆಯಬೇಕಾದದ್ದು ದಿನದ ಲಾಗ್‌ನ, ಅಂದರೆ ಆ ಬದಲಾವಣೆಗಳನ್ನು ಬರೆದಿಡುವ ದಾಖಲೆಯ ಗಾತ್ರವನ್ನು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶ ಸಾಮಾನ್ಯ ಹೊಂದಿಕೆಯಲ್ಲಿ, ಖಾತೆಯ ಒಂದೇ ಅಂಕಿ ಬದಲಾದರೂ ಇಡೀ ಸಾಲಿನ ಹಳೆಯ ರೂಪವನ್ನೂ ಹೊಸ ರೂಪವನ್ನೂ ಲಾಗ್‌ಗೆ ಬರೆಯುತ್ತದೆ. ಮಾರ್ಚ್ 31ರಂದು ಎಲ್ಲ ಖಾತೆಗಳಿಗೂ ಬಡ್ಡಿ ಏರಿಸಿದಾಗ ಅದು ಎಷ್ಟು ಉಬ್ಬೀತು ಎಂದು ಊಹಿಸಿ. ಆಷಾಢದ ಒಂದು ಮಂಗಳವಾರದ ಲಾಗ್ ಅಳೆದು ವರ್ಷದ ಅಂದಾಜು ಬರೆಯುವವರಿಗೆ ಅಡಿಕೆ ವಹಿವಾಟು ಯಾವಾಗ ಏರುತ್ತದೆ ಎಂಬುದಾದರೂ ಗೊತ್ತಿರಬೇಕು.

ನಿಜವಾದ ಖರ್ಚು ಇರುವುದು ಮಳೆಗಾಲದಲ್ಲಿ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿಯಲಿ, ಮರ ಬಿದ್ದು ಕೇಬಲ್ ಹರಿಯಲಿ, ಸಂಪರ್ಕ ಮರಳುವವರೆಗೆ ಬದಲಾವಣೆಗಳು ಕ್ಲೌಡ್‌ನಲ್ಲೇ ಕಾಯಬೇಕು. ಅಮೆಜಾನ್ ತಾನೇ ನಿರ್ವಹಿಸುವ ಬಾಡಿಗೆ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್ ಮೈಎಸ್‌ಕ್ಯುಎಲ್ ನಾವಾಗಿ ಹೇಳದಿದ್ದರೆ ಈ ಲಾಗ್‌ಗಳನ್ನು ಬೇಗನೆ ಅಳಿಸಿಬಿಡುತ್ತದೆ. ಹೇಳಿದರೂ ಗರಿಷ್ಠ 168 ಗಂಟೆ. ಕಚೇರಿಯ ಸರ್ವರ್ ಓದದೇ ಬಾಕಿ ಉಳಿದ ಲಾಗ್ ಅಳಿಸಿಹೋದರೆ ಪೂರ್ತಿ ಪ್ರತಿಯನ್ನು ಮತ್ತೆ ತರಬೇಕು.

400 ಜಿಬಿಯ ಡೇಟಾಬೇಸ್, ದಿನಕ್ಕೆ 6 ಜಿಬಿ ಬದಲಾವಣೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 180 ಜಿಬಿ, ಅಂದರೆ ತೆರಿಗೆ ಬಿಟ್ಟು 9 ಡಾಲರ್‌ಗಿಂತ ಕಡಿಮೆ. ಅದೇ ತಿಂಗಳು ಒಮ್ಮೆ ಪೂರ್ತಿ ಪ್ರತಿ ಮತ್ತೆ ತಂದರೆ 52 ಡಾಲರ್ ದಾಟುತ್ತದೆ. ಸಂಕುಚಿಸಿ ತಂದರೆ ಇಳಿಯುತ್ತದೆ, ನಿಜ. ಹಾಗೆಯೇ ತಂದರೆ 50 ಎಂಬಿಪಿಎಸ್ ಸಂಪರ್ಕದಲ್ಲಿ ಎಡೆಬಿಡದೆ ಸುಮಾರು 18 ಗಂಟೆ ಬೇಕು. ಜುಲೈನಲ್ಲಿ ಅಷ್ಟು ಹೊತ್ತು ಕರೆಂಟ್ ಹೋಗದೆ ಇರುತ್ತದೆಯೇ ಎಂದು ಶಿರಸಿಯವರನ್ನು ಕೇಳಿ ನೋಡಿ.

ಹಾಗಾಗಿ ಸಂಘಗಳ ಕಾರ್ಯದರ್ಶಿಗಳಿಗೆ ನನ್ನ ಮಾತು ಇಷ್ಟೇ: ಪೂರ್ತಿ ಪ್ರತಿಯನ್ನು ವರ್ಷಕ್ಕೆ ಎಷ್ಟು ಸಲ ತರಬೇಕಾದೀತು, ಲಾಗ್ ಎಷ್ಟು ಗಂಟೆ ಉಳಿಯುತ್ತದೆ, ಉಳಿಸಲು ಬೇಕಾದ ಡಿಸ್ಕ್‌ಗೆ ಬಾಡಿಗೆ ಎಷ್ಟು ಎಂಬ ಮೂರು ಸಾಲು ಕೊಟೇಶನ್‌ನಲ್ಲಿ ಕಾಣುವವರೆಗೆ ಸಹಿ ಹಾಕಬೇಡಿ.